‘ಬಂತು’ ಎಂಬ ಮಾತಿಗೆ ತಪ್ಪಿದ ಟ್ರೌಟ್: ಓರೆಟಿ ನದಿಯ ಒಂದು ಪ್ರಕರಣ

ಫೆಬ್ರವರಿಯ ಒಂದು ಶನಿವಾರ, ಮಧ್ಯಾಹ್ನ ಎರಡೂ ಮುಕ್ಕಾಲರ ಸುಮಾರಿಗೆ, ನ್ಯೂಜಿಲೆಂಡಿನ ದಕ್ಷಿಣ ತುದಿಯ ಓರೆಟಿ ನದಿಯಲ್ಲಿ ಬ್ರೌನ್ ಟ್ರೌಟ್ ಎಂಬ ಜಾತಿಯ ದೊಡ್ಡದೊಂದು ಮೀನು ನಾನು ಎಸೆದ ಫ್ಲೈಗೆ, ಅಂದರೆ ಹುಳುವಿನ ಹಾಗೆ ಕಟ್ಟಿದ ಗಾಳಕ್ಕೆ, ಮೇಲೆದ್ದಿತು. ಬಾಯಿ ತೆರೆಯಿತು. ಫ್ಲೈ ಆ ಬಾಯೊಳಗೇ ಇತ್ತು. ನಾನು ರಾಡ್ ಎತ್ತಿದೆ. ಎಳೆತವೇ ಸಿಗಲಿಲ್ಲ, ದಾರ ಸಡಿಲವಾಗಿ ಹಿಂದಕ್ಕೆ ಹಾರಿ ನನ್ನ ಹೆಗಲ ಮೇಲೆ ಬಿತ್ತು. ಮೀನು ಅವಸರವಿಲ್ಲದೆ ಮಗುಚಿಕೊಂಡು ಆಳಕ್ಕೆ ಇಳಿಯಿತು.

ಇನ್ವರ್‌ಕಾರ್ಗಿಲ್‌ಗೆ ಬಂದು ಹತ್ತು ವರ್ಷವಾಯಿತು, ಫ್ಲೈ ರಾಡ್ ಹಿಡಿದು ಆರು. ಈ ಆರು ವರ್ಷದಲ್ಲಿ ತಪ್ಪಿಸಿಕೊಂಡ ಮೀನುಗಳನ್ನು ನಾನು ಎಣಿಸಿಲ್ಲ. ಇದೊಂದನ್ನು ಮಾತ್ರ ಇಷ್ಟು ವಿವರವಾಗಿ ಬರೆಯುತ್ತಿರುವುದು, ಇದು ತಪ್ಪಿದ್ದು ಹೇಗೆ ಎಂಬುದಕ್ಕೆ ನಮ್ಮಲ್ಲಿ ಸಾಕ್ಷಿ ಇರುವುದರಿಂದ. ನನ್ನ ಗಂಡ ಎತ್ತರದ ದಡದಿಂದ ಫೋನಿನಲ್ಲಿ ವಿಡಿಯೊ ಮಾಡುತ್ತಿದ್ದರು. ಮೀನು ಹೋದ ಮೇಲೆ ಸಾಮಾನ್ಯವಾಗಿ ಉಳಿಯುವುದು ಊಹೆ. ಇಲ್ಲಿ ಚಿತ್ರವೂ ಇದೆ, ಧ್ವನಿಯೂ ಇದೆ. ಕೊನೆಗೆ ಕಾರಣ ಸಿಕ್ಕಿದ್ದು ಚಿತ್ರಕ್ಕಿಂತ ಹೆಚ್ಚಾಗಿ ಧ್ವನಿಯಲ್ಲಿ.

ನದಿ ಮತ್ತು ಮೀನು

ಓರೆಟಿ ಬೆಟ್ಟಗಳಲ್ಲಿ ಹುಟ್ಟಿ, ಮಾಸ್‌ಬರ್ನ್, ಲಮ್ಸ್‌ಡೆನ್, ವಿಂಟನ್ ಊರುಗಳ ಬದಿಯಲ್ಲಿ ಹಾದು, ನಮ್ಮೂರಿನ ಪಕ್ಕದ ಅಳಿವೆಯಲ್ಲಿ ಸಮುದ್ರ ಸೇರುತ್ತದೆ. ಕೆಳಗೆ ಅದು ದನಗಳ ಹುಲ್ಲುಗಾವಲಿನ ನದಿ. ಮಾಸ್‌ಬರ್ನ್ ದಾಟಿ ಮೇಲೆ ಹೋದರೆ ಟಸಕ್ ಹುಲ್ಲಿನ ಬಯಲು, ಬಿಳಿ ಬೂದು ಕಲ್ಲುಗಳು, ಎರಡಾಳು ಆಳದಲ್ಲೂ ಕಲ್ಲೆಣಿಸಬಹುದಾದ ನೀರು. ಆ ಭಾಗದಲ್ಲಿ ಮೀನು ಕಡಿಮೆ, ಇರುವವು ದೊಡ್ಡವು. ಒಂದು ಕಿಲೋಮೀಟರ್ ನಡೆದರೆ ಒಂದು ಕಂಡೀತು, ಎರಡು ಕಂಡೀತು, ಕಾಣದೆಯೂ ಹೋದೀತು. ಹಾಗಾಗಿ ಇಲ್ಲಿ ಸುಮ್ಮನೆ ನೀರಿಗೆ ಎಸೆಯುತ್ತ ಹೋಗುವ ಪದ್ಧತಿ ಇಲ್ಲ. ಮೊದಲು ಮೀನನ್ನು ಕಣ್ಣಿನಿಂದ ಹುಡುಕಬೇಕು, ಆಮೇಲೆ ಆ ಒಂದು ಮೀನಿಗೇ ಎಸೆಯಬೇಕು. ಇಬ್ಬರು ಹೋದರೆ ಒಬ್ಬರು ದಡದ ಮೇಲೆ ನಿಂತು ನೋಡುವುದು, ಇನ್ನೊಬ್ಬರು ನೀರಿಗಿಳಿಯುವುದು.

ಬ್ರೌನ್ ಟ್ರೌಟ್ ಈ ನಾಡಿನ ಮೀನಲ್ಲ. 1864ರಲ್ಲಿ ಅದರ ಮೊಟ್ಟೆಗಳು ಮಂಜುಗಡ್ಡೆಯ ನಡುವೆ ಇಂಗ್ಲೆಂಡಿನಿಂದ ‘ನಾರ್ಫೋಕ್’ ಎಂಬ ಹಡಗಿನಲ್ಲಿ ಮೆಲ್ಬರ್ನ್‌ಗೆ, ಅಲ್ಲಿಂದ ಇನ್ನೊಂದು ಹಡಗಿನಲ್ಲಿ ಟಾಸ್ಮೇನಿಯಾಕ್ಕೆ ಬಂದವು; ಅಲ್ಲಿಂದ 1867ರಲ್ಲಿ ನ್ಯೂಜಿಲೆಂಡಿಗೆ. ನಮ್ಮ ನೀಲಗಿರಿಗೂ ಕಾಶ್ಮೀರಕ್ಕೂ ಟ್ರೌಟ್ ತಂದದ್ದು ಬ್ರಿಟಿಷರ ಇದೇ ಆಸೆ. ಇಲ್ಲಿ ಟ್ರೌಟ್ ಮಾರುವುದು ಕಾನೂನಿಗೆ ವಿರುದ್ಧ. ಅಂಗಡಿಯಲ್ಲಿ ಸಿಗುವುದಿಲ್ಲ, ಹೋಟೆಲಿನಲ್ಲಿ ಬಡಿಸುವುದಿಲ್ಲ. ತಿನ್ನಬೇಕೆಂದರೆ ಲೈಸೆನ್ಸ್ ತೆಗೆದುಕೊಂಡು ತಾವೇ ಹಿಡಿಯಬೇಕು. ನಾವು ಮೇಲಿನ ಓರೆಟಿಯಲ್ಲಿ ಹಿಡಿದದ್ದನ್ನು ನೀರಿಗೇ ಬಿಡುತ್ತೇವೆ. ಅಷ್ಟು ಕಡಿಮೆ ಇರುವ ಕಡೆ ಒಂದನ್ನು ಮನೆಗೆ ಒಯ್ಯಲು ಮನಸ್ಸು ಬರುವುದಿಲ್ಲ.

ಫ್ಲೈ ಎಂದರೆ ಕೊಕ್ಕೆಗೆ ಗರಿ, ಕೂದಲು, ಫೋಮ್ ಸುತ್ತಿ ಹುಳುವಿನ ಹಾಗೆ ಮಾಡಿದ ಗಾಳ. ಅದಕ್ಕೆ ತೂಕವೇ ಇಲ್ಲ, ಆದ್ದರಿಂದ ಕಲ್ಲು ಬೀಸಿದಂತೆ ಎಸೆಯಲಾಗದು. ದಪ್ಪ ದಾರದ ತೂಕವನ್ನೇ ಗಾಳಿಯಲ್ಲಿ ಹಿಂದೆ ಮುಂದೆ ಆಡಿಸಿ ಅದರ ತುದಿಯಲ್ಲಿ ಫ್ಲೈಯನ್ನು ಕಳಿಸಬೇಕು. ನೀರಿನ ಮೇಲೆ ತೇಲುವುದು ಡ್ರೈ ಫ್ಲೈ, ಮುಳುಗಿ ಹೋಗುವುದು ನಿಂಫ್. ಈ ಎರಡರ ವ್ಯತ್ಯಾಸ ಮುಂದೆ ಬೇಕಾಗುತ್ತದೆ.

ಆ ಮಧ್ಯಾಹ್ನ

ಬಿಸಿಲು ಚೆನ್ನಾಗಿತ್ತು. ಟಸಕ್ ಹುಲ್ಲಿನಲ್ಲಿ ಜೀರುಂಡೆಗಳು ಕಿವಿಗಡಚಿಕ್ಕುವಂತೆ ಕೂಗುತ್ತಿದ್ದವು. ಇಲ್ಲಿ ಅವನ್ನು ಸಿಕಾಡ ಎನ್ನುತ್ತಾರೆ. ಬೇಸಿಗೆಯ ಕೊನೆಯಲ್ಲಿ ಅವು ಗಾಳಿಗೆ ನೀರಿಗೆ ಬೀಳುತ್ತವೆ, ದೊಡ್ಡ ಟ್ರೌಟ್‌ಗಳು ಅದಕ್ಕಾಗಿಯೇ ಮೇಲೆ ನೋಡುತ್ತಿರುತ್ತವೆ. ಹಗುರವಾದ ತೆಂಕಣ ಗಾಳಿ ನನ್ನ ಬೆನ್ನಿಗೆ ಬೀಸುತ್ತಿತ್ತು. ಹರಿವಿಗೆ ಎದುರಾಗಿ ಎಸೆಯುವವರಿಗೆ ಇದಕ್ಕಿಂತ ಒಳ್ಳೆಯ ಗಾಳಿ ಇಲ್ಲ. ಸಾಮಾನ್ಯವಾಗಿ ಇಲ್ಲಿ ವಾಯುವ್ಯದ ಗಾಳಿ ನದಿಯ ಜೊತೆಗೇ ಇಳಿದು ಮುಖಕ್ಕೆ ಹೊಡೆಯುತ್ತದೆ.

ಮೀನನ್ನು ಕಂಡದ್ದು ನನ್ನ ಗಂಡ. ಸುಮಾರು ನಾಲ್ಕು ಮೀಟರ್ ಎತ್ತರದ ದಡ, ಅದರ ಬುಡದಲ್ಲಿ ಚಪ್ಪಟೆಯಾದ ಬೂದುಗಲ್ಲು, ಕಲ್ಲಿನ ಪಕ್ಕಕ್ಕೆ ಸೊಂಟದಷ್ಟು ಆಳದಲ್ಲಿ ಕಂದು ನೆರಳು. ಹತ್ತು ನಿಮಿಷ ನೋಡಿದೆವು. ಎರಡು ಸಲ ಅದು ಮೇಲೆ ಬಂದು ಏನನ್ನೋ ತಿಂದು ಕೆಳಗಿಳಿಯಿತು. ತಿನ್ನುತ್ತಿರುವ ಮೀನು, ಹೆದರಿಲ್ಲದ ಮೀನು. ಇದಕ್ಕಿಂತ ಒಳ್ಳೆಯ ಅವಕಾಶ ಯಾರೂ ಕೇಳಬಾರದು.

ನಾನು ಕೆಳಗೆ ಸುತ್ತಿ ಹೋಗಿ, ಮೀನಿನ ಹಿಂದೆ ಸುಮಾರು ಹನ್ನೆರಡು ಮೀಟರ್ ದೂರದಲ್ಲಿ ನೀರಿಗಿಳಿದೆ. ಟ್ರೌಟ್ ಹರಿವಿಗೆ ಎದುರಾಗಿ ಮುಖ ಮಾಡಿರುತ್ತದೆ. ಹಿಂದಿನಿಂದ ಹೋದರೆ ಕಾಣುವ ಸಾಧ್ಯತೆ ಕಡಿಮೆ. ನೀರಿನೊಳಗಿನಿಂದ ಮೀನಿಗೆ ಹೊರಗಿನ ಲೋಕವೆಲ್ಲ ತಲೆಯ ಮೇಲಿನ ಒಂದು ದುಂಡು ಕಿಟಕಿಯಲ್ಲಿ ಮಾತ್ರ ಕಾಣುತ್ತದೆ. ಬೆಳಕು ಬಾಗುವ ಲೆಕ್ಕದಲ್ಲಿ ಆ ಕಿಟಕಿಯ ಕೋನ ಸುಮಾರು 97 ಡಿಗ್ರಿ. ನಾವು ತಗ್ಗಿದಷ್ಟೂ ಆ ಕಿಟಕಿಯ ಅಂಚಿನಲ್ಲಿ ನಮ್ಮ ರೂಪ ಕುಗ್ಗಿ ಕಾಣದಂತಾಗುತ್ತದೆ. ಅದಕ್ಕೆ ನಾನು ಮಂಡಿಯೂರಿದೆ.

ಮಂಡಿಯೂರಲು ಇನ್ನೊಂದು ಕಾರಣವೂ ಇತ್ತು. 2004ರಲ್ಲಿ ಇದೇ ಸೌತ್‌ಲ್ಯಾಂಡ್ ಪ್ರಾಂತ್ಯದ ವಾಯಾವು ನದಿಯಲ್ಲಿ ಡಿಡಿಮೊ ಎಂಬ ಪಾಚಿ ಸಿಕ್ಕ ಮೇಲೆ, ಅದನ್ನು ಒಂದು ನದಿಯಿಂದ ಇನ್ನೊಂದಕ್ಕೆ ಹೊತ್ತೊಯ್ಯಬಾರದೆಂದು ಜಾರದಂತೆ ಹಿಡಿಯುವ, ದಪ್ಪ ಬಟ್ಟೆಯಂಥ ಫೆಲ್ಟ್ ತಳದ ಬೂಟುಗಳನ್ನು ನಿಷೇಧಿಸಿದರು. ಸರಿಯಾದ ನಿರ್ಧಾರ, ನನಗೆ ಅದರ ಬಗ್ಗೆ ತಕರಾರಿಲ್ಲ. ಆದರೆ ರಬ್ಬರ್ ತಳ ಜಾರುತ್ತದೆ. ಆ ಕಲ್ಲುಗಳ ಮೇಲೆ ನಿಂತು ಎಸೆಯುವ ಧೈರ್ಯ ನನಗಿರಲಿಲ್ಲ.

ಮಂಡಿಯೂರಿದ್ದರಿಂದ ಏನಾಯಿತು ಎಂದರೆ, ನೀರಿನ ಮೇಲಿನ ಬಿಸಿಲಿನ ಹೊಳಪು ನೇರವಾಗಿ ಕಣ್ಣಿಗೆ ಬಂತು. ಪೋಲರೈಸ್ಡ್ ಕನ್ನಡಕ ಹಾಕಿದ್ದರೂ ಮೀನು ನನಗೆ ಕಾಣುತ್ತಿರಲಿಲ್ಲ. ಫ್ಲೈಯ ಬೆನ್ನಿಗೆ ಕಟ್ಟಿದ ಕಿತ್ತಳೆ ಚುಕ್ಕೆ ಮಾತ್ರ ಆಗಾಗ ಮಿನುಗುತ್ತಿತ್ತು. ಅಂದರೆ ನನ್ನ ಕಣ್ಣು ದಡದ ಮೇಲಿತ್ತು. ಇಡೀ ಪ್ರಕರಣದಲ್ಲಿ ಇದೇ ಮುಖ್ಯ ಸಂಗತಿ ಎಂದು ಆಗ ನನಗೆ ಹೊಳೆಯಲಿಲ್ಲ.

ಮೊದಲನೆಯ ಎಸೆತ ಗಿಡ್ಡವಾಯಿತು, ಎರಡನೆಯದು ಎಡಕ್ಕೆ ಹೋಯಿತು. ಮೂರನೆಯದು ಕಲ್ಲಿನಿಂದ ಒಂದೂವರೆ ಮೀಟರ್ ಹರಿವಿನ ಮೇಲ್ಗಡೆ, ಸರಿಯಾದ ಸಾಲಿನಲ್ಲಿ ಬಿತ್ತು. ಫ್ಲೈ ತಾನೇ ತಾನಾಗಿ ತೇಲಿತು, ದಾರ ಅದನ್ನು ಎಳೆಯಲಿಲ್ಲ. ಮೇಲಿನಿಂದ ಅವರ ಧ್ವನಿ: “ನೋಡ್ತು… ಎದ್ದಿದೆ… ಬಂತು ಕಣೇ!”

ಮುಂದಿನದನ್ನು ಆಗಲೇ ಹೇಳಿದ್ದೇನೆ.

ಮೂರು ದಿನ ನಂಬಿದ ತಪ್ಪು ಕಾರಣ

ಇಪ್ಪತ್ತು ನಿಮಿಷ ಸುಮ್ಮನೆ ಕೂತೆವು. ಕೊಕ್ಕೆ ತಾಗದ ಮೀನು ಕೆಲವೊಮ್ಮೆ ಮತ್ತೆ ತಿನ್ನಲು ಶುರು ಮಾಡುತ್ತದೆ. ಇದೂ ಕಲ್ಲಿನ ಬಳಿಗೆ ಮರಳಿತು, ಆದರೆ ತಳಕ್ಕೆ ಒತ್ತಿಕೊಂಡು ಮಲಗಿತು. ಫ್ಲೈ ಬದಲಿಸಿ ಚಿಕ್ಕದು ಹಾಕಿದೆ. ಮೀನು ತಿರುಗಿಯೂ ನೋಡಲಿಲ್ಲ. ಎರಡನೆಯ ಎಸೆತಕ್ಕೆ ಎದ್ದು ಆಳದ ಕಡೆಗೆ ಹೋಗಿಯೇಬಿಟ್ಟಿತು.

ಕಾರಿನಲ್ಲಿ ಬರುವಾಗ ನನ್ನ ತೀರ್ಮಾನ ಗಟ್ಟಿಯಾಗಿತ್ತು: ಮೀನು ಕೊನೇ ಗಳಿಗೆಯಲ್ಲಿ ಫ್ಲೈಯನ್ನು ಬೇಡವೆಂದಿತು. ಹತ್ತನೇ ನಂಬರಿನ ಕೊಕ್ಕೆ ದೊಡ್ಡದಾಯಿತು, ಅಥವಾ ಫೋಮ್‌ನ ಬಣ್ಣ ಸರಿಯಿರಲಿಲ್ಲ, ಅಥವಾ ಫ್ಲೈ ಕಟ್ಟುವ ತುದಿಯ ತೆಳು ಎಳೆ, 0.18 ಮಿಲಿಮೀಟರಿನ ಟಿಪ್ಪೆಟ್, ಕಣ್ಣಿಗೆ ಬಿತ್ತು. ಮನೆಗೆ ಬಂದು ಕೊಕ್ಕೆಯನ್ನು ಹೆಬ್ಬೆರಳ ಉಗುರಿನ ಮೇಲೆ ಎಳೆದು ನೋಡಿದೆ. ಜಾರದೆ ಕಚ್ಚಿತು, ಮೊನೆ ಚೂಪಾಗಿಯೇ ಇತ್ತು. ಹಾಗಾದರೆ ತಪ್ಪು ಫ್ಲೈಯದೇ ಎಂದು ಇನ್ನಷ್ಟು ನಂಬಿಕೆ ಬಂತು. ಭಾನುವಾರವಿಡೀ ಸಿಕಾಡದಂಥ ಚಿಕ್ಕ ಫ್ಲೈಗಳನ್ನು ಕಟ್ಟುತ್ತ ಕೂತೆ.

ಈಗ ಯೋಚಿಸಿದರೆ, ಆ ಕಾರಣವನ್ನು ನಾನು ಅಷ್ಟು ಬೇಗ ಹಿಡಿದುಕೊಂಡದ್ದು ಅದನ್ನು ಸರಿಪಡಿಸುವುದು ಸುಲಭವಾಗಿದ್ದರಿಂದ. ಮೇಜಿನ ಮುಂದೆ ಕೂತು ಇನ್ನೊಂದು ಫ್ಲೈ ಕಟ್ಟಿದರೆ ಸಾಕಿತ್ತು.

ವಿಡಿಯೊ

ಮಂಗಳವಾರ ರಾತ್ರಿ ಊಟವಾದ ಮೇಲೆ ಅವರು ವಿಡಿಯೊವನ್ನು ಕಂಪ್ಯೂಟರಿಗೆ ಹಾಕಿ ಒಂದೊಂದೇ ಫ್ರೇಮ್ ಸರಿಸುತ್ತ ನೋಡುತ್ತಿದ್ದರು. ಸೆಕೆಂಡಿಗೆ ಮೂವತ್ತು ಫ್ರೇಮ್. ನಾನು ಪಾತ್ರೆ ತೊಳೆಯುತ್ತಿದ್ದೆ. “ಇಲ್ಲಿ ಬಾ ಒಂಚೂರು” ಎಂದರು. ಅವರ ಧ್ವನಿ ಸಣ್ಣಗಾಗಿತ್ತು.

ಮೀನಿನ ಮೂತಿ ನೀರಿನಿಂದ ಹೊರಬಂದು ಬಾಯಿಯ ಬಿಳಿ ಕಂಡ ಫ್ರೇಮನ್ನು ಸೊನ್ನೆ ಎಂದು ಗುರುತಿಸಿದೆವು. ಐದನೆಯ ಫ್ರೇಮಿನಲ್ಲಿ ಫ್ಲೈ ನೀರು ಬಿಟ್ಟು ಮೇಲೆದ್ದಿದೆ, ಬಾಯಿ ಪೂರ್ತಿ ತೆರೆದಿರುವಾಗಲೇ. ಹತ್ತೊಂಬತ್ತರಲ್ಲಿ ಬಾಯಿ ಮುಚ್ಚಿದೆ. ಮೂವತ್ತರ ಹೊತ್ತಿಗೆ ತಲೆ ಮುಳುಗಿ ಬೆನ್ನು ಬಾಗಿದೆ. ಮೀನು ಫ್ಲೈಯನ್ನು ಬೇಡವೆಂದಿರಲಿಲ್ಲ. ಒಂದು ಪೂರ್ತಿ ಸೆಕೆಂಡು ತೆಗೆದುಕೊಂಡು, ನಂಬಿ, ತಿನ್ನಲು ಬಂದಿತ್ತು. ಇಲ್ಲದ ಹುಳುವಿನ ಮೇಲೆ ಬಾಯಿ ಮುಚ್ಚಿತು. ಅದನ್ನು ಪರದೆಯ ಮೇಲೆ ನೋಡಿದಾಗ ಹೊಟ್ಟೆಯೊಳಗೆ ಸಂಕಟವಾಯಿತು.

ದೊಡ್ಡ ಬ್ರೌನ್ ಟ್ರೌಟ್ ತಿನ್ನುವ ರೀತಿಯೇ ಹಾಗೆ. ಹರಿವಿನ ಜೊತೆ ಹಿಂದಕ್ಕೆ ಸರಿಯುತ್ತ, ಫ್ಲೈಯ ಕೆಳಗೇ ತೇಲುತ್ತ, ನಿಧಾನಕ್ಕೆ ಎದ್ದು ಬಾಯಿ ಅಗಲಿಸುತ್ತದೆ. ನೀರಿನ ಸಮೇತ ಹುಳು ಒಳಗೆ ಹೋಗುತ್ತದೆ, ಬಾಯಿ ಮುಚ್ಚುತ್ತದೆ, ನೀರು ಕಿವಿರುಗಳಿಂದ ಹೊರಹೋಗುತ್ತದೆ, ಆಮೇಲೆ ತಲೆ ಕೆಳಗಾಗುತ್ತದೆ. ತಲೆ ಕೆಳಗಾದಾಗ ಎಳೆದರೆ ಕೊಕ್ಕೆ ಬಾಯಿಯ ಮೂಲೆಗೆ ಸಿಕ್ಕಿಕೊಳ್ಳುತ್ತದೆ. ಬಾಯಿ ತೆರೆದಿರುವಾಗ ಎಳೆದರೆ ಅದಕ್ಕೆ ಹಿಡಿಯಲು ಏನೂ ಇರುವುದಿಲ್ಲ, ತೆರೆದ ಬಾಗಿಲಿನಿಂದ ಹೊರಬಂದಂತೆ ಬಂದುಬಿಡುತ್ತದೆ.

ಇದು ನನಗೆ ಗೊತ್ತಿಲ್ಲದ ವಿಷಯವಲ್ಲ. ಈ ದೇಶದಲ್ಲಿ ಡ್ರೈ ಫ್ಲೈ ಕಲಿಸುವವರು ಮೊದಲ ದಿನವೇ ಹೇಳಿಕೊಡುತ್ತಾರೆ: ಮೀನು ತೆಗೆದುಕೊಂಡ ಮೇಲೆ ‘ಗಾಡ್ ಸೇವ್ ದ ಕ್ವೀನ್’ ಎಂದು ಮನಸ್ಸಿನಲ್ಲಿ ಹೇಳಿಕೊಂಡು ಆಮೇಲೆ ರಾಡ್ ಎತ್ತಬೇಕು. 2022ರ ನಂತರ ಕೆಲವರು ‘ಕಿಂಗ್’ ಎನ್ನುತ್ತಾರೆ. ಹೇಗೆ ಹೇಳಿದರೂ ಅದು ಒಂದು ಸೆಕೆಂಡಿನ ಮಾತು. ಚಿಕ್ಕ ಮೀನುಗಳಿಗೆ ನಾನು ಅದನ್ನು ಎಷ್ಟೋ ಸಲ ಪಾಲಿಸಿದ್ದೇನೆ. ಹಾಗಿದ್ದೂ ಈ ಮೀನಿಗೆ ಯಾಕೆ ತಪ್ಪಿದೆ?

ಆ ಒಂದು ಮಾತು

ಉತ್ತರ ಧ್ವನಿಯಲ್ಲಿತ್ತು. ವಿಡಿಯೊದಲ್ಲಿ ‘ಬಂತು’ ಎಂಬ ಮಾತು ಶುರುವಾಗುವುದು ಸೊನ್ನೆಗಿಂತ ಆರು ಫ್ರೇಮ್ ಮೊದಲು. ಮೀನು ಇನ್ನೂ ನೀರೊಳಗಿತ್ತು. ನನ್ನ ರಾಡಿನ ತುದಿ ಅಲುಗುವುದು ಸೊನ್ನೆಯ ನಂತರದ ಮೊದಲ ಫ್ರೇಮಿನಲ್ಲಿ. ನಡುವೆ ಏಳು ಫ್ರೇಮ್, ಅಂದರೆ ಸೆಕೆಂಡಿನ ಕಾಲು ಭಾಗಕ್ಕಿಂತ ತುಸು ಕಡಿಮೆ. ಶಬ್ದ ಕೇಳಿದ ಮನುಷ್ಯನ ಕೈ ಅಲುಗಲು ಹೆಚ್ಚು ಕಡಿಮೆ ಅಷ್ಟೇ ಹೊತ್ತು ಬೇಕು. ನಾನು ಯೋಚಿಸಿಯೇ ಇರಲಿಲ್ಲ. ಮೀನನ್ನೂ ನೋಡಿರಲಿಲ್ಲ. ನನ್ನ ಕೈ ಓಗೊಟ್ಟದ್ದು ಒಂದು ಶಬ್ದಕ್ಕೆ.

ಕನ್ನಡದಲ್ಲಿ ‘ಬಂತು’ ಭೂತಕಾಲ. ಆದರೆ ನಾವು ಅದನ್ನು ಬಳಸುವುದು ಹಾಗಲ್ಲ. ಬಸ್ಸು ಇನ್ನೂ ತಿರುವಿನಲ್ಲಿರುವಾಗಲೇ ಕಟ್ಟೆಯ ಮೇಲೆ ಕೂತವರು “ಬಸ್ ಬಂತು, ಬಂತು” ಎಂದು ಚೀಲ ಎತ್ತಿಕೊಳ್ಳುತ್ತಾರೆ. ಆಚೆ ಗುಡ್ಡದ ಮೇಲೆ ಮೋಡ ಕಂಡರೆ “ಮಳೆ ಬಂತು, ಬಟ್ಟೆ ತೆಗಿ” ಎನ್ನುತ್ತೇವೆ. ಬರುವುದು ಖಚಿತವಾದರೆ ಬಂದೇ ಬಿಟ್ಟಿತು ಎನ್ನುವುದು ನಮ್ಮ ಮಾತಿನ ರೂಢಿ. ಅವರು ಹೇಳಿದ್ದು ಈ ಅರ್ಥದಲ್ಲಿ: ಮೀನು ಬರುವುದು ಖಚಿತ, ಸಿದ್ಧವಾಗಿರು. ಚೀಲ ಎತ್ತಿಕೋ.

ನನ್ನ ಕೈ ಕೇಳಿಸಿಕೊಂಡದ್ದು ಬೇರೆಯದೇ ‘ಬಂತು’. ನನ್ನ ತವರು ತೀರ್ಥಹಳ್ಳಿಯ ಹತ್ತಿರ. ಅಜ್ಜನ ಮನೆಯ ಗದ್ದೆಯ ಕೆಳಗೆ ತುಂಗೆಗೆ ಸೇರುವ ಒಂದು ಹಳ್ಳ. ನಾನೂ ಅಣ್ಣನೂ ಬಿದಿರ ಕೋಲಿಗೆ ದಾರ ಕಟ್ಟಿ, ಎರೆಹುಳು ಚುಚ್ಚಿ, ಬೆಂಡಿನ ತುಂಡು ತೇಲಿಬಿಟ್ಟು ಕೂರುತ್ತಿದ್ದೆವು. ಅಲ್ಲಿಯ ಬೆರಳುದ್ದದ ಮೀನುಗಳು ಎರೆಹುಳುವನ್ನು ತುದಿಯಿಂದ ಕಿತ್ತುಕೊಂಡು ಓಡುವ ಕಳ್ಳರು. ಬೆಂಡು ಮುಳುಗಿದ ತಕ್ಷಣ ಅಣ್ಣ “ಬಂತು!” ಎನ್ನುತ್ತಿದ್ದ, ನಾನು ಎಳೆಯಬೇಕು. ಅರೆಗಳಿಗೆ ತಡವಾದರೆ ಬರಿಗೊಕ್ಕೆ, ಮೇಲಿಂದ ಅಣ್ಣನ ಬೈಗುಳ. ಏಳು ವರ್ಷದಿಂದ ಹನ್ನೆರಡರ ತನಕ ಪ್ರತಿ ಬೇಸಿಗೆ ರಜೆಯಲ್ಲಿ ನನ್ನ ಕೈಗೆ ಕಲಿಸಿದ್ದು ಇದನ್ನೇ. ಆರು ವರ್ಷದ ಇಂಗ್ಲಿಷ್ ಪಾಠ ಅದರ ಮೇಲೆ ತೆಳ್ಳಗೆ ಕೂತಿತ್ತು.

ಹಾಗಾದರೆ ಚಿಕ್ಕ ಮೀನುಗಳಿಗೆ ಕಾಯಲು ಆಗುತ್ತಿದ್ದದ್ದು ಹೇಗೆ? ಆಗ ನಾನೇ ನೋಡುತ್ತಿದ್ದೆ. ಮೀನು ಕಣ್ಣಿಗೆ ಕಾಣುತ್ತಿತ್ತು, ಅಥವಾ ಒಬ್ಬಳೇ ಇರುತ್ತಿದ್ದೆ. ಕಣ್ಣಿನಿಂದ ಬಂದ ಸುದ್ದಿಯ ಮೇಲೆ ಇಂಗ್ಲಿಷ್ ಪಾಠ ನಡೆಯುತ್ತಿತ್ತು. ಕಿವಿಯಿಂದ, ಅದೂ ಕನ್ನಡದಲ್ಲಿ, ಪ್ರೀತಿಯ ಒಬ್ಬರ ಉತ್ಸಾಹದ ಧ್ವನಿಯಲ್ಲಿ ಬಂದ ಸುದ್ದಿಗೆ ಕೈ ನೇರವಾಗಿ ಹಳ್ಳದ ದಂಡೆಗೆ ಓಡಿತು. ಇಲ್ಲಿನ ಗೆಳೆಯರ ಜೊತೆ ಮೀನಿಗೆ ಹೋದಾಗ ಅವರು ದಡದಿಂದ ಇಂಗ್ಲಿಷಿನಲ್ಲಿ ಕೂಗಿದ್ದಾರೆ. ಆಗ ಹೀಗಾದ ನೆನಪಿಲ್ಲ.

ಅವರಿಗೆ ತುಂಬ ನೋವಾಯಿತು. “ನಾನು ಬಾಯಿ ಮುಚ್ಕೊಂಡು ಇದ್ದಿದ್ರೆ ಸಿಕ್ತಿತ್ತು ಅಲ್ವಾ?” ಎಂದು ಎರಡು ಸಲ ಕೇಳಿದರು. ಇಲ್ಲ ರೀ, ನೀವು ಬಾಯಿ ಮುಚ್ಚಿಕೊಂಡಿದ್ದರೆ ಮೀನು ಎದ್ದದ್ದೇ ನನಗೆ ತಿಳಿಯುತ್ತಿರಲಿಲ್ಲ ಎಂದೆ. ಸಮಾಧಾನಕ್ಕೆ ಹೇಳಿದ ಮಾತಲ್ಲ ಅದು. ಅವರ ಕಣ್ಣಿಲ್ಲದೆ ಆ ಮೀನೇ ನಮಗೆ ಕಾಣುತ್ತಿರಲಿಲ್ಲ. ತಪ್ಪಿದ್ದು ಇಬ್ಬರ ನಡುವೆ: ಯಾವ ಮಾತಿಗೆ ಏನು ಅರ್ಥ ಎಂದು ಆರು ವರ್ಷದಲ್ಲಿ ಒಮ್ಮೆಯೂ ಮಾತಾಡಿಕೊಂಡಿರಲಿಲ್ಲ. ಒಂದೇ ಮನೆಯಲ್ಲಿ, ಒಂದೇ ಭಾಷೆಯಲ್ಲಿ ಇರುವವರು ಅದನ್ನೆಲ್ಲ ಮಾತಾಡಿಕೊಳ್ಳಬೇಕು ಎಂದು ಯಾರಿಗೆ ಅನ್ನಿಸುತ್ತದೆ?

ಬದಲಿಸಿದ್ದು, ಪರೀಕ್ಷಿಸಿದ್ದು

ಮೊದಲು ಅವರು ಹೇಳಿದ್ದು, ಇನ್ನು ಮೇಲೆ ಮೌನವಾಗಿರುತ್ತೇನೆ ಎಂದು. ಅದು ಬೇಡವೆಂದೆ. ಬದಲಿಗೆ ಮಾತುಗಳನ್ನು ಹಂಚಿಕೊಂಡೆವು. ಮೀನು ಮೇಲೇಳುವ ತನಕ ‘ಬರ್ತಿದೆ’, ಎಷ್ಟು ಸಲ ಬೇಕಾದರೂ ಹೇಳಬಹುದು. ಬಾಯಿ ತೆರೆದಾಗ ಏನೂ ಹೇಳಬಾರದು. ತಲೆ ನೀರಿಗಿಳಿದಾಗ ‘ಮುಳುಗ್ತು’. ಆ ಮಾತಿಗೆ ಮಾತ್ರ ನಾನು ರಾಡ್ ಎತ್ತಬೇಕು. ‘ಮುಚ್ತು’ ಎಂದು ಹೇಳುವ ಯೋಚನೆಯೂ ಇತ್ತು. ಎತ್ತರದಿಂದ ಬಾಯಿ ಮುಚ್ಚುವುದು ಸರಿಯಾಗಿ ಕಾಣುವುದಿಲ್ಲ, ತಲೆ ಮುಳುಗುವುದು ಕಾಣುತ್ತದೆ ಎಂದು ಅದನ್ನು ಬಿಟ್ಟೆವು.

ಮನೆಯ ಹಿಂದಿನ ಹುಲ್ಲಿನ ಮೇಲೆ ಅಭ್ಯಾಸ ಮಾಡಿದೆವು. ಅವರು ನನ್ನ ಬೆನ್ನ ಹಿಂದೆ ನಿಂತು ಬೇಕೆಂದೇ “ಬರ್ತಿದೆ, ಬರ್ತಿದೆ, ಬಂತು!” ಎನ್ನುವುದು, ನಾನು ಅಲುಗದೆ ಇರುವುದು. ಮೊದಲ ಸಂಜೆ ಹತ್ತರಲ್ಲಿ ಏಳು ಸಲ ಕೈ ಎದ್ದಿತು. ನಾಲ್ಕನೆಯ ಸಂಜೆಗೆ ಒಂದು.

ಎರಡು ವಾರದ ನಂತರ ಮಟೌರಾ ನದಿಗೆ ಹೋದೆವು. ಗೋರ್ ಊರಿನ ನದಿ ಅದು; ಊರ ನಡುವೆ ಟ್ರೌಟಿನ ದೊಡ್ಡ ಪ್ರತಿಮೆಯನ್ನೇ ನಿಲ್ಲಿಸಿದ್ದಾರೆ. ದಡದ ವಿಲೋ ಮರಗಳ ಕೆಳಗೆ ಒಂದು ಮೀನು ಏಳುತ್ತಿತ್ತು. ಬರ್ತಿದೆ, ಬರ್ತಿದೆ. ಮೌನ. ಆ ಮೌನದಲ್ಲಿ ನನ್ನ ಮುಂಗೈ ನಡುಗುತ್ತಿತ್ತು. “ಮುಳುಗ್ತು.” ಎತ್ತಿದೆ, ದಾರ ಬಿಗಿಯಾಯಿತು. ಒಂದೂವರೆ ಕಿಲೋ ಇದ್ದೀತು. ಕೊಕ್ಕೆ ಬಾಯಿಯ ಬಲ ಮೂಲೆಯಲ್ಲಿ ಸರಿಯಾಗಿ ಕೂತಿತ್ತು. ಅದನ್ನು ಬಿಡಿಸಿ ನೀರಿಗೆ ಬಿಡುವಾಗ ಅವರು ದಡದಿಂದ ಇಳಿದು ಬಂದು ಪಕ್ಕದಲ್ಲಿ ಮಂಡಿಯೂರಿದರು.

ಆದರೆ ಅದೇ ದಿನ ಮಧ್ಯಾಹ್ನ ನಿಂಫ್ ಕಟ್ಟಿ ಎಸೆದಾಗ ಹೊಸ ಕ್ರಮ ನಮ್ಮನ್ನು ಕೈಬಿಟ್ಟಿತು. ನೀರೊಳಗೆ ತಿನ್ನುವ ಮೀನು ಫ್ಲೈಯನ್ನು ಬಾಯಿಗೆ ಹಾಕಿಕೊಂಡು, ಸುಳ್ಳೆಂದು ತಿಳಿದ ಕೂಡಲೆ ಉಗುಳಿಬಿಡುತ್ತದೆ. ಅಲ್ಲಿ ತಡೆಯುವುದಕ್ಕೆ ಪುರುಸೊತ್ತೇ ಇಲ್ಲ. ಬಾಯಿಯ ಬಿಳಿ ಮಿಂಚಿತೋ, ಎಳೆಯಬೇಕು. ನಾನು ಪಾಠ ಕಲಿತವಳಂತೆ ಕಾದೆ. ಎರಡು ಮೀನು ಹೋದವು. ಹಾಗಾಗಿ ನಿಂಫ್‌ಗೆ ಹಳೆಯ ಮಾತನ್ನೇ ಉಳಿಸಿಕೊಂಡೆವು: ‘ಬಂತು’ ಎಂದರೆ ಎಳೆ. ಅಣ್ಣ ಕಲಿಸಿದ್ದು ಅಲ್ಲಿಗೆ ಸರಿಯಾಗಿಯೇ ಇತ್ತು. ಈಗ ನೀರಿಗಿಳಿಯುವ ಮೊದಲು ಒಬ್ಬರಿಗೊಬ್ಬರು ಜೋರಾಗಿ ಹೇಳಿಕೊಳ್ಳುತ್ತೇವೆ, ಇದು ‘ಮುಳುಗ್ತು’ ಮೀನೋ ‘ಬಂತು’ ಮೀನೋ ಎಂದು.

ಮತ್ತೆ ಕಲ್ಲಿನ ಹತ್ತಿರ

ಏಪ್ರಿಲ್ ಮೊದಲ ವಾರ ಓರೆಟಿಯ ಅದೇ ಜಾಗಕ್ಕೆ ಹೋದೆವು. ಸೀಸನ್ ಮುಗಿಯುತ್ತ ಬಂದಿತ್ತು. ಜೀರುಂಡೆಗಳ ಸದ್ದು ನಿಂತಿತ್ತು, ಟಸಕ್ ಹುಲ್ಲಿನ ಮೇಲೆ ಬೆಳಗಿನ ಮಂಜು ಹತ್ತರ ತನಕವೂ ಕರಗಿರಲಿಲ್ಲ. ದಡದ ಮೇಲೆ ಮಲಗಿ ಮುಕ್ಕಾಲು ಗಂಟೆ ನೋಡಿದೆವು. ಕಲ್ಲಿನ ಪಕ್ಕ ಬರೀ ನೀರು. ಮೇಲಿನ ಎರಡು ಮಡುಗಳಲ್ಲೂ ಹುಡುಕಿದೆವು.

ವಾಪಸು ಬರುವಾಗ ಅವರು ಚೀಲದಿಂದ ಟೇಪು ತೆಗೆದು, ಪ್ಯಾಂಟು ಮಡಚಿ ಆ ತಣ್ಣೀರಿಗೆ ಇಳಿದರು. ವಿಡಿಯೊದಲ್ಲಿ ಮೀನು ಆ ಕಲ್ಲಿನ ಉದ್ದಕ್ಕೂ ಚಾಚಿ ಮಲಗಿದ ಒಂದು ದೃಶ್ಯವಿದೆ; ಮೂತಿಯ ಕಡೆ ಎರಡು ಬೆರಳು, ಬಾಲದ ಕಡೆ ಒಂದು ಬೆರಳು ಮಾತ್ರ ಕಲ್ಲು ಉಳಿಯುತ್ತದೆ. ಟೇಪಿನ ಒಂದು ತುದಿಯನ್ನು ನಾನು ಹಿಡಿದುಕೊಂಡೆ. ಕಲ್ಲು ಎಪ್ಪತ್ತೊಂದು ಸೆಂಟಿಮೀಟರ್ ಇತ್ತು. ಅವರು ಮನಸ್ಸಿನಲ್ಲೇ ಕಳೆದು ನೋಡಿದರು, “ಅರವತ್ತಾರು” ಎಂದರು. ಆಮೇಲೆ ಟೇಪನ್ನು ಅರವತ್ತಾರಕ್ಕೆ ಹಿಡಿದು, ನೀರಿನೊಳಗೆ ಕಲ್ಲಿನ ಮೇಲೆ ಇಟ್ಟು, ಸ್ವಲ್ಪ ಹೊತ್ತು ಹಾಗೆಯೇ ನೋಡುತ್ತ ನಿಂತೆವು.